ಲಂಡನ್ ಪ್ರವಾಸದ ಕೊನೆಯ ದಿನಗಳಲ್ಲಿ ಮ್ಯೂಸಿಕಲ್ ನೋಡುವುದು: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮಕ್ಕಳ ಶಾಲೆಗೆ ರಜೆ ಬಂದ ಮೇಲೆ ಮುಂಗಾರು ಹಿಡಿಯುವವರೆಗೆ ಸಿಗುವ ಬಿಡುವಿನಲ್ಲಿ ನಮ್ಮ ಎರಡೂ ಜಿಲ್ಲೆಗಳ ಅನೇಕ ಕುಟುಂಬಗಳು ವಿದೇಶಕ್ಕೆ ಹೊರಡುತ್ತವೆ. ಮಗನೋ ಮಗಳೋ ಲಂಡನ್ನಿನಲ್ಲಿ ಕೆಲಸದಲ್ಲಿದ್ದರೆ ಎರಡು ಮೂರು ವಾರ ಅಲ್ಲಿಯೇ ಉಳಿಯುವುದೂ ಉಂಟು. ಅಂಥ ಪ್ರವಾಸದ ಕೊನೆಯ ಎರಡು ಮೂರು ದಿನಗಳನ್ನು ಅಲ್ಲಿನ ಸಂಗೀತ ನಾಟಕಗಳಿಗೆ, ಅಂದರೆ ಮ್ಯೂಸಿಕಲ್‌ಗಳಿಗೆ ಮೀಸಲಿಡಬೇಕೆಂದಿರುವವರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನ್ಯೂಯಾರ್ಕಿಗೆ ಹೋಗುವವರಿಗೂ ಮುಂಬೈಯಲ್ಲೇ ನೋಡಬೇಕೆನ್ನುವವರಿಗೂ ಕೊನೆಯಲ್ಲಿ ಒಂದೊಂದು ಉತ್ತರವಿದೆ.

ಮ್ಯೂಸಿಕಲ್ ಎಂದರೆ ನಮ್ಮ ಊರಿನ ಪೌರಾಣಿಕ ನಾಟಕದ ಹಾಗೆಯೇ ಇರುತ್ತದೆಯೆ?

ಬಹಳಷ್ಟು ಹಾಗೆಯೇ ಇರುತ್ತದೆ. ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ಆಡುವ ಕುರುಕ್ಷೇತ್ರ ನಾಟಕವನ್ನು ನೋಡಿ ಬೆಳೆದವರಿಗೆ, ಪಾತ್ರಧಾರಿಯು ಮಾತಾಡುತ್ತಾ ಆಡುತ್ತಾ ಭಾವ ಏರಿದ ಕಡೆ ಹಾಡಿಗೆ ಹೊರಳುವುದು ಹೊಸದಾಗಿ ಕಾಣುವುದಿಲ್ಲ. ಹಾರ್ಮೋನಿಯಂ ಮಾಸ್ಟರು ಕೂರುವ ಜಾಗದಲ್ಲಿ ಅಲ್ಲಿ, ವೇದಿಕೆಯ ಮುಂದಿನ ತಗ್ಗಿನಲ್ಲಿ, ಹತ್ತಾರು ವಾದ್ಯಗಾರರು ತಮ್ಮ ನಿರ್ದೇಶಕನ ಕೈಸನ್ನೆಯನ್ನು ನೋಡಿಕೊಂಡು ಪ್ರತಿ ಪ್ರದರ್ಶನಕ್ಕೂ ಹೊಸದಾಗಿಯೇ ನುಡಿಸುತ್ತಾರೆ. ರಂಗದ ಮೇಲಿನ ಅದ್ಭುತಗಳಿಗೂ ನಾವು ಹೊಸಬರಲ್ಲ. ಗುಬ್ಬಿ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಗಳೇ ವೇದಿಕೆಗೆ ಬರುತ್ತಿದ್ದುದನ್ನು ಹಿರಿಯರು ಹೇಳಿ ಕೇಳಿದ್ದೇವೆ.

ವ್ಯತ್ಯಾಸವಿರುವುದು ಕಾಲದ ಲೆಕ್ಕದಲ್ಲಿ. ನಮ್ಮ ನಾಟಕ ಬೆಳಗಿನವರೆಗೂ ನಡೆಯುತ್ತದೆ. ಅಲ್ಲಿನದು ಒಂದು ಮಧ್ಯಂತರವೂ ಸೇರಿ ಎರಡೂವರೆಯಿಂದ ಮೂರು ಗಂಟೆಯೊಳಗೆ ಮುಗಿಯುತ್ತದೆ. ಒಂದು ತಂಡವು ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರದರ್ಶನಗಳನ್ನು ಕೊಡುತ್ತದೆ, ಮತ್ತು ಜನ ಬರುತ್ತಿರುವವರೆಗೂ ಅದೇ ರಂಗಮಂದಿರದಲ್ಲಿ ಅದೇ ನಾಟಕ ವರ್ಷಗಟ್ಟಲೆ ನಡೆಯುತ್ತದೆ. 'ಲೆ ಮಿಸರಾಬ್ಲ್' ಲಂಡನ್ನಿನಲ್ಲಿ ಆರಂಭವಾದದ್ದು 1985ರಲ್ಲಿ, 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1986ರಲ್ಲಿ, 'ದಿ ಲಯನ್ ಕಿಂಗ್' 1999ರಲ್ಲಿ. ಆದ್ದರಿಂದ ಈ ಸಲ ತಪ್ಪಿದರೆ ಮತ್ತೆ ಸಿಗದು ಎಂಬ ಆತಂಕ ಇಂಥ ಹಳೆಯ ನಾಟಕಗಳ ವಿಷಯದಲ್ಲಿ ಬೇಡ.

ಕೊನೆಯ ದಿನಗಳಿಗೇ ಏಕೆ ಇಟ್ಟುಕೊಳ್ಳಬೇಕು? ಹೋದ ಮಾರನೆಯ ದಿನವೇ ನೋಡಬಾರದೆ?

ನೋಡಬಾರದೆಂಬ ನಿಯಮವೇನೂ ಇಲ್ಲ, ಆದರೆ ನೋಡುವವರು ಎಚ್ಚರವಾಗಿರಬೇಕಲ್ಲ! ಏಪ್ರಿಲ್, ಮೇ ತಿಂಗಳುಗಳಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಸಂಜೆಯ ಪ್ರದರ್ಶನ ಸಾಮಾನ್ಯವಾಗಿ ಏಳೂವರೆಗೆ ಶುರುವಾಗುತ್ತದೆ; ಆಗ ಹಾಸನದಲ್ಲಿ ಸರಿಯಾಗಿ ಮಧ್ಯರಾತ್ರಿ ಹನ್ನೆರಡು. ಕಥೆ ಕೊನೆಯ ಘಟ್ಟಕ್ಕೆ ಬರುವ ರಾತ್ರಿ ಹತ್ತರ ಹೊತ್ತಿಗೆ ನಮ್ಮೂರಲ್ಲಿ ಬೆಳಗಿನ ಜಾವ ಎರಡೂವರೆ. ಊರಿನಿಂದ ಬಂದು ಎರಡೇ ದಿನವಾದ ದೇಹವು ಊರಿನ ಗಡಿಯಾರವನ್ನೇ ಹಿಡಿದುಕೊಂಡಿರುವುದರಿಂದ, ಕತ್ತಲೆಯ ಸಭಾಂಗಣದಲ್ಲಿ ಮೆತ್ತನೆಯ ಆಸನ ಸಿಕ್ಕ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ವಿಶೇಷವಾಗಿ ವಯಸ್ಸಾದವರಲ್ಲಿ. ಚಳಿಗಾಲದಲ್ಲಿ ಹೋದರೆ ವ್ಯತ್ಯಾಸ ಐದೂವರೆ ಗಂಟೆಯಾಗುತ್ತದೆ, ಪರಿಸ್ಥಿತಿ ಇನ್ನೂ ಕಷ್ಟ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನದಂತೆ ದೇಹ ಹೊಂದಿಕೊಳ್ಳುತ್ತದೆಂಬ ಸ್ಥೂಲ ಲೆಕ್ಕವನ್ನು ಹಿಡಿದರೆ, ಮೊದಲ ಐದು ದಿನಗಳ ಸಂಜೆಯನ್ನು ಮ್ಯೂಸಿಕಲ್‌ಗೆ ಕೊಡದಿರುವುದೇ ಸರಿ.

ಎರಡನೆಯ ಕಾರಣ ಕಾಲುಗಳದ್ದು. ಕೋಟೆ, ಅರಮನೆ, ವಸ್ತುಸಂಗ್ರಹಾಲಯ, ನದಿತೀರ ಎಂದು ವಾರವಿಡೀ ನಡೆದವರಿಗೆ ಕೊನೆಯ ಹೊತ್ತಿಗೆ ಕುಳಿತು ನೋಡುವಂಥದ್ದು ಬೇಕಾಗುತ್ತದೆ. ಜೊತೆಗೆ, ಅಷ್ಟು ದಿನಗಳಲ್ಲಿ ಅಲ್ಲಿನವರ ಇಂಗ್ಲಿಷ್ ಉಚ್ಚಾರಣೆಗೆ ಕಿವಿ ಒಂದಿಷ್ಟು ಪಳಗಿರುತ್ತದೆ, ಟ್ಯೂಬ್ ಎಂದು ಕರೆಯುವ ನೆಲದಡಿಯ ರೈಲಿನಲ್ಲಿ ಓಡಾಡುವ ಧೈರ್ಯವೂ ಬಂದಿರುತ್ತದೆ.

ಇದರಲ್ಲಿ ಒಂದು ಅಪಾಯವಿದೆ ಎಂಬುದನ್ನೂ ಹೇಳಬೇಕು. ಕೊನೆಯ ದಿನ ಜ್ವರ ಬಂದರೆ ಅಥವಾ ರೈಲು ಮುಷ್ಕರವಾದರೆ ಮರುದಿನ ನೋಡೋಣ ಎನ್ನುವ ಅವಕಾಶವಿರುವುದಿಲ್ಲ. ಹಾಗಾಗಿ ನೋಡಲೇಬೇಕೆಂದು ಆಸೆಪಟ್ಟ ನಾಟಕವನ್ನು ಹೊರಡುವ ಹಿಂದಿನ ರಾತ್ರಿಗೆ ಇಡದೆ ಅದಕ್ಕೂ ಒಂದೆರಡು ದಿನ ಮೊದಲು ಇಟ್ಟುಕೊಳ್ಳಿ. ಸಿಕ್ಕರೆ ಸಿಗಲಿ ಎನ್ನುವಂಥದ್ದನ್ನು ಆಮೇಲೆ ಇಡಿ.

ಎಷ್ಟು ಮ್ಯೂಸಿಕಲ್ ನೋಡಿದರೆ ಸಾಕು?

ಮೊದಲ ಸಲ ಹೋಗುವ ಕುಟುಂಬಕ್ಕೆ ಎರಡು. ಸಂಗೀತದ ಹುಚ್ಚಿರುವವರಿಗೆ ಮೂರು. ಒಂದೇ ದಿನ ಮಧ್ಯಾಹ್ನ ಒಂದು, ಸಂಜೆ ಒಂದು ನೋಡಲು ಸಾಧ್ಯವಿದೆ, ಯುವಕರು ನೋಡುತ್ತಾರೆ ಕೂಡ. ಆದರೆ ಎರಡನೆಯದರ ಹೊತ್ತಿಗೆ ಮೊದಲನೆಯದರ ಹಾಡುಗಳು ತಲೆಯೊಳಗೆ ಕಲಸಿಹೋಗಿರುತ್ತವೆ ಎಂಬುದು ನನ್ನ ಅಭಿಪ್ರಾಯ.

ವಾರದ ಯಾವ ದಿನ ಪ್ರದರ್ಶನವಿರುವುದಿಲ್ಲ?

ವಿಮಾನದ ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬೇಕಾದ ಸಂಗತಿ ಇದು. ಪ್ರತಿ ನಾಟಕಕ್ಕೂ ವಾರಕ್ಕೊಂದು ರಜೆ ಇರುತ್ತದೆ. ಕೆಲವಕ್ಕೆ ಭಾನುವಾರ, ಕೆಲವಕ್ಕೆ ಸೋಮವಾರ. ನಮ್ಮಲ್ಲಿ ಭಾನುವಾರವೆಂದರೆ ಸಿನಿಮಾ, ನಾಟಕಗಳ ದಿನವೆಂದು ಭಾವಿಸಿ ಲಂಡನ್ನಿನ ಕೊನೆಯ ಭಾನುವಾರವನ್ನು ಇದಕ್ಕೆಂದು ಬಿಟ್ಟುಕೊಂಡವರಿಗೆ ಬೇಕಾದ ನಾಟಕವೇ ಇಲ್ಲದೆ ನಿರಾಶೆಯಾಗುವುದುಂಟು. ಮಧ್ಯಾಹ್ನದ ಪ್ರದರ್ಶನ ಸಾಮಾನ್ಯವಾಗಿ ಎರಡೂವರೆಯ ಆಸುಪಾಸಿನಲ್ಲಿ, ಬುಧವಾರ ಅಥವಾ ಗುರುವಾರ ಮತ್ತು ಶನಿವಾರಗಳಂದು ಇರುತ್ತದೆ. ಪ್ರವಾಸದ ಕೊನೆಯ ಮೂರು ದಿನಗಳು ಬುಧವಾರದಿಂದ ಶನಿವಾರದ ನಡುವೆ ಬರುವಂತೆ ಹೊಂದಿಸಿಕೊಂಡರೆ ಆಯ್ಕೆಗೆ ವಿಸ್ತಾರ ಸಿಗುತ್ತದೆ. ಶುಕ್ರವಾರ ಮತ್ತು ಶನಿವಾರದ ಸಂಜೆಗಳು ಮಾತ್ರ ದುಬಾರಿ. ಬುಧವಾರ, ಗುರುವಾರಗಳು ಅಷ್ಟಿಲ್ಲ.

ಯಾವುದನ್ನು ನೋಡುವುದು? ಒಂದೊಂದರ ಬಗ್ಗೆ ಸ್ವಲ್ಪ ಹೇಳಿ.

ನಾಲ್ಕು ಬಗೆಯ ಪ್ರೇಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ.

ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಮತ್ತು ಮಕ್ಕಳು ಒಟ್ಟಿಗಿದ್ದರೆ 'ಲಯನ್ ಕಿಂಗ್' ನೋಡಿ. ಅದು ಲೈಸಿಯಂ ರಂಗಮಂದಿರದಲ್ಲಿ ನಡೆಯುತ್ತದೆ. ಮೊದಲ ಹಾಡು ದಕ್ಷಿಣ ಆಫ್ರಿಕಾದ ಝುಲು ಭಾಷೆಯಲ್ಲಿ ಆರಂಭವಾಗುವುದರಿಂದ ಆ ಕ್ಷಣಕ್ಕೆ ಪಕ್ಕದಲ್ಲಿ ಕುಳಿತ ಲಂಡನ್ನಿನವನೂ ಅರಕಲಗೂಡಿನ ಅಜ್ಜಿಯೂ ಒಂದೇ. ಜೂಲಿ ಟೇಮರ್ ಅವರು ರೂಪಿಸಿದ ಮುಖವಾಡ, ಗೊಂಬೆಗಳಲ್ಲಿ ನಟನೂ ಕಾಣುತ್ತಾನೆ, ಪ್ರಾಣಿಯೂ ಕಾಣುತ್ತದೆ. ಕಾಲಿಗೆ, ಕೈಗೆ ಮರಗಾಲು ಕಟ್ಟಿಕೊಂಡ ನಟರು ಜಿರಾಫೆಗಳಾಗಿ ನಡೆದುಬರುವ ದೃಶ್ಯಕ್ಕೆ ಭಾಷೆ ಬೇಕಿಲ್ಲ. ಯಕ್ಷಗಾನದ ವೇಷಗಾರಿಕೆಯನ್ನು ನೋಡಿದ ನಮ್ಮ ಮಲೆನಾಡಿನವರ ಕಣ್ಣಿಗೆ ಇದು ಬೇಗ ಒಗ್ಗುತ್ತದೆ. ಆರಂಭದಲ್ಲಿ ಪ್ರಾಣಿಗಳ ಮೆರವಣಿಗೆ ಪ್ರೇಕ್ಷಕರ ನಡುವಿನ ದಾರಿಯಲ್ಲೇ ಸಾಗುವುದರಿಂದ ಈ ಒಂದು ನಾಟಕಕ್ಕೆ ಕೆಳ ಅಂತಸ್ತಿನಲ್ಲಿ, ದಾರಿಯ ಪಕ್ಕದ ಆಸನಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ರಂಗಸಜ್ಜಿಕೆ ಮತ್ತು ರಾಗಗಳಿಗೆ ಮನಸೋಲುವವರಿಗೆ 'ಫ್ಯಾಂಟಮ್'. ಆಂಡ್ರೂ ಲಾಯ್ಡ್ ವೆಬ್ಬರ್ ಅವರ ಸಂಗೀತವಿರುವ ಈ ನಾಟಕ ಹೇಮಾರ್ಕೆಟ್ ಬೀದಿಯ ರಂಗಮಂದಿರದಲ್ಲಿಯೇ ಮೊದಲಿನಿಂದ ನಡೆದುಬಂದಿದೆ. ಆ ಕಟ್ಟಡಕ್ಕೆ ರಾಣಿ ಎಲಿಜಬೆತ್ ಕಾಲದಲ್ಲಿ 'ಹರ್ ಮೆಜೆಸ್ಟೀಸ್' ಎಂಬ ಹೆಸರಿತ್ತು. ದೊರೆ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ 2023ರಲ್ಲಿ 'ಹಿಸ್ ಮೆಜೆಸ್ಟೀಸ್' ಆಯಿತು. ಹಳೆಯ ಪುಸ್ತಕ, ನಕ್ಷೆಗಳಲ್ಲಿ ಬೇರೆ ಹೆಸರು ಕಂಡರೆ ಗೊಂದಲಪಡಬೇಡಿ. ಪ್ಯಾರಿಸ್ಸಿನ ಆಪೆರಾ ಮಂದಿರವೊಂದರ ನೆಲಮಾಳಿಗೆಯಲ್ಲಿ ಅಡಗಿರುವ ವಿಕಾರ ಮುಖದ ಸಂಗೀತಗಾರ, ಅವನು ಮನಸೋತ ಗಾಯಕಿ, ಸಭಾಂಗಣದ ದೀಪಗುಚ್ಛ. ಕಥೆ ಸರಳ, ಕಣ್ಣಿಗೆ ಹಬ್ಬ.

ಗಂಭೀರ ಕಥೆ ಬೇಕೆನ್ನುವವರಿಗೆ 'ಲೆ ಮಿಸರಾಬ್ಲ್'. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ್ದು ಇದು. ರೊಟ್ಟಿ ಕದ್ದ ತಪ್ಪಿಗೆ ಜೈಲು ಸೇರಿ ಹೊರಬಂದವನೊಬ್ಬನ ಬದುಕನ್ನು ಇದು ಹಿಂಬಾಲಿಸುತ್ತದೆ. ಇದರಲ್ಲಿ ಬರುವ ಹೋರಾಟವನ್ನು 1789ರ ಫ್ರೆಂಚ್ ಕ್ರಾಂತಿಯೆಂದು ಅನೇಕರು ತಿಳಿಯುತ್ತಾರೆ. ಅದು 1832ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ನಡೆದು ಬೇಗ ಅಡಗಿಹೋದ ದಂಗೆ. ಮಾತಿಲ್ಲದೆ ಬಹುಪಾಲು ಎಲ್ಲವನ್ನೂ ಹಾಡಿನಲ್ಲೇ ಹೇಳುವುದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಬೇಕು. ಸೋಂಡ್‌ಹೈಮ್ ರಂಗಮಂದಿರದಲ್ಲಿ ಇದು ನಡೆಯುತ್ತದೆ. ಒಂದನ್ನೇ ನೋಡುವುದಾದರೆ ಯಾವುದು ಎಂದು ಕೇಳಿದವರಿಗೆ ನಾನು ಹೇಳುವುದು ಇದನ್ನೇ.

ಕಾಲೇಜು ವಯಸ್ಸಿನ ಮಕ್ಕಳಿಗೆ 'ವಿಕೆಡ್' ಅಥವಾ 'ಹ್ಯಾಮಿಲ್ಟನ್' ಇಷ್ಟವಾಗುತ್ತವೆ. ಎರಡೂ ವಿಕ್ಟೋರಿಯಾ ನಿಲ್ದಾಣದ ಹತ್ತಿರವೇ ನಡೆಯುತ್ತವೆ. 'ಹ್ಯಾಮಿಲ್ಟನ್' ಅಮೆರಿಕದ ಸ್ವಾತಂತ್ರ್ಯ ಹೋರಾಟವನ್ನೂ ಆಮೇಲಿನ ರಾಜಕಾರಣವನ್ನೂ ರ್‍ಯಾಪ್ ಧಾಟಿಯಲ್ಲಿ, ಉಸಿರು ಬಿಡದ ವೇಗದಲ್ಲಿ ಹೇಳುತ್ತದೆ. ಆ ಇತಿಹಾಸವೂ ಆ ಧಾಟಿಯೂ ಗೊತ್ತಿಲ್ಲದ ಅಪ್ಪ ಅಮ್ಮನನ್ನು ಮಕ್ಕಳು ಬಲವಂತದಿಂದ ಕರೆದೊಯ್ಯಬಾರದು. 'ವಿಕೆಡ್' ನಡೆಯುವ ಅಪೊಲೊ ವಿಕ್ಟೋರಿಯಾದಲ್ಲಿಯೇ 2002ರಲ್ಲಿ ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' ಆರಂಭವಾಗಿ ಎರಡು ವರ್ಷ ನಡೆದಿತ್ತು ಎಂಬುದನ್ನು ಸಭಾಂಗಣಕ್ಕೆ ಕಾಲಿಡುವಾಗ ಮಕ್ಕಳಿಗೆ ಹೇಳಿ.

ನಮಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಹೋಗಿ ಪ್ರಯೋಜನವಿದೆಯೆ?

ಇಂಗ್ಲಿಷ್ ಬಲ್ಲವರಿಗೂ ಹಾಡಿನ ಸಾಹಿತ್ಯ ಮೊದಲ ಕೇಳ್ವಿಕೆಗೆ ಪೂರ್ತಿ ಹಿಡಿಯುವುದಿಲ್ಲ. ತ್ಯಾಗರಾಜರ ಕೃತಿಗಳನ್ನು ತೆಲುಗು ಬಾರದೆಯೇ ತಲೆಮಾರುಗಳಿಂದ ಕೇಳುತ್ತಾ ಬಂದವರು ನಾವು. ರಾಗ ಮತ್ತು ಅಭಿನಯದಿಂದ ಎಷ್ಟು ದಕ್ಕುತ್ತದೆಂಬುದು ನಮಗೆ ಗೊತ್ತಿದೆ. ಆದರೂ ಎರಡು ಸಿದ್ಧತೆಗಳು ಬಹಳ ನೆರವಾಗುತ್ತವೆ. ಒಂದು, ಕಥೆಯನ್ನು ಮಗಳೋ ಸೊಸೆಯೋ ಹಿಂದಿನ ರಾತ್ರಿ ಕನ್ನಡದಲ್ಲಿ, ಕೊನೆಯವರೆಗೂ, ಗುಟ್ಟು ಉಳಿಸದೆ ಹೇಳಿಬಿಡಬೇಕು. ಕರ್ಣನ ಗತಿ ಏನಾಗುತ್ತದೆಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಕುಳಿತು ನೋಡುವುದಿಲ್ಲವೆ? ಇನ್ನೊಂದು, ನಾಟಕದ ಮೂರು ನಾಲ್ಕು ಮುಖ್ಯ ಹಾಡುಗಳನ್ನು ಊರಿನಲ್ಲಿರುವಾಗಲೇ ಕೆಲವು ಸಲ ಕೇಳಿರಬೇಕು. ಪರಿಚಿತ ರಾಗ ಬಂದಾಗ ಕಥೆ ಎಲ್ಲಿಗೆ ಬಂತೆಂಬುದು ತಾನಾಗಿ ತಿಳಿಯುತ್ತದೆ.

ಕೆಲವು ದಿನಗಳಲ್ಲಿ ವೇದಿಕೆಯ ಪಕ್ಕದ ಫಲಕದ ಮೇಲೆ ಮಾತು, ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುವ ವಿಶೇಷ ಪ್ರದರ್ಶನಗಳಿರುತ್ತವೆ. ಕಿವಿ ಮಂದವಿರುವವರಿಗಾಗಿ ಮಾಡಿದ ಏರ್ಪಾಡು ಅದು; ಕೇಳುವುದಕ್ಕಿಂತ ಓದುವುದು ಸುಲಭವೆನಿಸುವ ನಮ್ಮವರಿಗೂ ಅದು ಅನುಕೂಲ.

ಟಿಕೆಟ್ಟನ್ನು ಊರಿನಿಂದಲೇ ತೆಗೆಯಬೇಕೆ, ಅಲ್ಲಿ ಹೋಗಿ ತೆಗೆಯಬಹುದೆ?

ಎರಡನ್ನೂ ಮಾಡಿ. ನೋಡಲೇಬೇಕಾದ ಒಂದನ್ನು ವಿಮಾನದ ಟಿಕೆಟ್ ಖಚಿತವಾದ ಕೂಡಲೇ ಆ ರಂಗಮಂದಿರದ ಅಥವಾ ಆ ನಾಟಕದ ಅಧಿಕೃತ ಜಾಲತಾಣದಲ್ಲಿ ತೆಗೆದುಬಿಡಿ, ಏಕೆಂದರೆ ನಾಲ್ಕೈದು ಜನ ಒಟ್ಟಿಗೆ ಕೂರಬೇಕಾದರೆ ಕೊನೆಯ ಗಳಿಗೆಯಲ್ಲಿ ಆಸನಗಳು ಚದುರಿಹೋಗಿರುತ್ತವೆ. ಎರಡನೆಯದನ್ನು ಅದೃಷ್ಟಕ್ಕೆ ಬಿಡಬಹುದು.

ಆ ಅದೃಷ್ಟದ ಜಾಗ ಲೆಸ್ಟರ್ ಸ್ಕ್ವೇರ್ ಉದ್ಯಾನದ ದಕ್ಷಿಣ ಬದಿಯಲ್ಲಿ ಒಂಟಿಯಾಗಿ ನಿಂತಿರುವ ಟಿಕೆಟಿಎಸ್ (TKTS) ಮಳಿಗೆ. ಲಂಡನ್ನಿನ ರಂಗಮಂದಿರಗಳ ಒಕ್ಕೂಟವೇ ಇದನ್ನು ನಡೆಸುತ್ತದೆ, 1980ರಿಂದ ಇದೆ. ಅಂದಿನ ಪ್ರದರ್ಶನಕ್ಕೂ ಮುಂದಿನ ಕೆಲವು ದಿನಗಳಿಗೂ ಉಳಿದ ಟಿಕೆಟ್‌ಗಳನ್ನು ಇಲ್ಲಿ ರಿಯಾಯಿತಿ ದರದಲ್ಲಿ ಮಾರುತ್ತಾರೆ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋದರೆ ಒಳ್ಳೆಯದು. ಅದೇ ಚೌಕದ ಸುತ್ತಮುತ್ತ ಅರ್ಧ ಬೆಲೆಯೆಂದು ಫಲಕ ಹಾಕಿಕೊಂಡ ಬೇರೆ ಅಂಗಡಿಗಳೂ ಇವೆ. ಅವುಗಳಲ್ಲಿ ಕೊಳ್ಳುವ ಮೊದಲು ಟಿಕೆಟ್ಟಿನ ಮುಖಬೆಲೆ ಎಷ್ಟು, ಶುಲ್ಕ ಎಷ್ಟು, ಆಸನದ ಸಂಖ್ಯೆ ಯಾವುದು ಎಂದು ಕೇಳಿ. ಆಸನದ ಸಂಖ್ಯೆ ಹೇಳದವರ ಬಳಿ ಕೊಳ್ಳಬೇಡಿ. ಬೀದಿಯಲ್ಲಿ ಕೈಯಲ್ಲಿ ಹಿಡಿದು ಮಾರುವವರ ಹತ್ತಿರವಂತೂ ಬೇಡವೇ ಬೇಡ.

ಇದಲ್ಲದೆ, ಅನೇಕ ನಾಟಕಗಳು ಅಂದಂದಿನ ಬೆಳಿಗ್ಗೆ ಕೆಲವು ಆಸನಗಳನ್ನು ಮೊಬೈಲ್ ಆ್ಯಪ್‌ನಲ್ಲಿಯೋ ಲಾಟರಿ ಮೂಲಕವೋ ಕಡಿಮೆ ಬೆಲೆಗೆ ಕೊಡುತ್ತವೆ. ಒಬ್ಬಿಬ್ಬರಿಗೆ ಇದು ಒಳ್ಳೆಯ ದಾರಿ. ಇಡೀ ಕುಟುಂಬಕ್ಕೆ ಆಗದು.

ಖರ್ಚು ಎಷ್ಟಾದೀತು?

ಮೇಲಿನ ಅಂತಸ್ತಿನ ಹಿಂದಿನ ಸಾಲುಗಳಿಗೆ ಸುಮಾರು 25–30 ಪೌಂಡ್‌ನಿಂದ ಆರಂಭವಾಗಿ, ಒಳ್ಳೆಯ ಆಸನಕ್ಕೆ 100 ಪೌಂಡ್ ದಾಟುತ್ತದೆ; ಜನಪ್ರಿಯ ನಾಟಕಗಳ ಶನಿವಾರದ ಉತ್ತಮ ಆಸನ ಅದಕ್ಕೂ ಬಹಳ ಮೇಲೆ. ಪೌಂಡ್ ಒಂದಕ್ಕೆ ನೂರು ರೂಪಾಯಿಗಿಂತ ಹೆಚ್ಚಿರುವುದರಿಂದ ನಾಲ್ವರ ಕುಟುಂಬಕ್ಕೆ ಒಂದು ಸಂಜೆಯ ವೆಚ್ಚ ಹತ್ತಾರು ಸಾವಿರ ರೂಪಾಯಿಗಳೆಂದು ಮೊದಲೇ ಒಪ್ಪಿಕೊಂಡೇ ಹೊರಡಬೇಕು. ನನ್ನ ಸಲಹೆ: ಮೂರು ನಾಟಕಗಳನ್ನು ಕೊನೆಯ ಸಾಲಿನಿಂದ ನೋಡುವುದಕ್ಕಿಂತ ಒಂದನ್ನು ಹತ್ತಿರದಿಂದ, ಮುಖಭಾವ ಕಾಣುವಂತೆ ನೋಡಿ. ಟಿಕೆಟ್ ಕೊಂಡ ಮೇಲೆ ಸಾಮಾನ್ಯವಾಗಿ ಹಣ ಹಿಂದಿರುಗಿಸುವುದಿಲ್ಲ. ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ.

ನಮ್ಮ ಬ್ಯಾಂಕಿನ ಕಾರ್ಡ್ ಅಲ್ಲಿನ ಜಾಲತಾಣದಲ್ಲಿ ನಡೆಯುತ್ತಿಲ್ಲವಲ್ಲ?

ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ವ್ಯವಹಾರ ಮತ್ತು ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಿಕೊಳ್ಳಬೇಕು, ಮಿತಿಯನ್ನೂ ನಿಗದಿಪಡಿಸಬೇಕು. ಕೊಂಡ ಮೇಲೆ ಮತ್ತೆ ಬಂದ್ ಮಾಡಿಡಿ.

ಯಾವ ಆಸನ ಒಳ್ಳೆಯದು? ಕಂಬ ಅಡ್ಡ ಬರುತ್ತದೆಂದು ಕೇಳಿದ್ದೇವೆ.

ಈ ರಂಗಮಂದಿರಗಳಲ್ಲಿ ಹೆಚ್ಚಿನವು ನೂರು ವರ್ಷ ದಾಟಿದ ಕಟ್ಟಡಗಳು. ಹಾಸನದ ಕಲಾಕ್ಷೇತ್ರದಂತೆ ಒಂದೇ ಹಾಸಿನಲ್ಲಿ ಹಿಂದಕ್ಕೆ ವಿಸ್ತರಿಸದೆ, ಒಂದರ ಮೇಲೊಂದು ಮೂರು ನಾಲ್ಕು ಅಂತಸ್ತುಗಳಾಗಿ ಏರಿವೆ. ಕೆಳಗಿನದು ಸ್ಟಾಲ್ಸ್, ಅದರ ಮೇಲೆ ಡ್ರೆಸ್ ಸರ್ಕಲ್ ಅಥವಾ ರಾಯಲ್ ಸರ್ಕಲ್, ಅದಕ್ಕೂ ಮೇಲೆ ಅಪ್ಪರ್ ಸರ್ಕಲ್, ಎಲ್ಲಕ್ಕಿಂತ ಮೇಲೆ ಬಾಲ್ಕನಿ. ನಮ್ಮ ಹಳೆಯ ಟಾಕೀಸುಗಳಲ್ಲಿ ಬಾಲ್ಕನಿಯೇ ಹೆಚ್ಚಿನ ದರದ ಜಾಗವಾಗಿತ್ತು. ಅಲ್ಲಿ ಬಾಲ್ಕನಿ ಎಂದರೆ ಅಗ್ಗದ ಜಾಗ, ಮತ್ತು ಅಷ್ಟು ಎತ್ತರದಿಂದ ನೋಡಿದರೆ ನಟರ ನೆತ್ತಿಯೇ ಹೆಚ್ಚು ಕಾಣುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ.

ಸ್ಟಾಲ್ಸ್‌ನ ಮಧ್ಯದ ಸಾಲುಗಳು ಮತ್ತು ಡ್ರೆಸ್ ಸರ್ಕಲ್‌ನ ಮೊದಲ ಕೆಲವು ಸಾಲುಗಳು ಎಲ್ಲ ನಾಟಕಗಳಿಗೂ ಉತ್ತಮ. ಸ್ಟಾಲ್ಸ್‌ನ ತೀರ ಹಿಂದಿನ ಸಾಲುಗಳಲ್ಲಿ ಮೇಲಿನ ಅಂತಸ್ತಿನ ಅಡಿಭಾಗ ಸೂರಿನಂತೆ ಚಾಚಿಕೊಂಡು ವೇದಿಕೆಯ ಮೇಲ್ಭಾಗವನ್ನು ಮರೆಮಾಡುತ್ತದೆ. ನೋಟಕ್ಕೆ ಅಡ್ಡಿಯಿರುವ ಆಸನವೆಂದು ಟಿಕೆಟ್ಟಿನ ಪುಟದಲ್ಲಿ ಬರೆದಿದ್ದರೆ ಅದು ಕಂಬವಿರಬಹುದು, ಕೈಕಂಬಿಯಿರಬಹುದು, ಪಕ್ಕದಿಂದ ನೋಡುವ ಓರೆಯಿರಬಹುದು. ಬೆಲೆ ಕಡಿಮೆಯಿರುವುದು ಅದಕ್ಕಾಗಿಯೇ.

ಅತ್ತೆಯವರಿಗೆ ಮಂಡಿ ನೋವು. ಮೆಟ್ಟಿಲು ಹತ್ತಲಾರರು.

ಹಾಗಿದ್ದರೆ ಅಪ್ಪರ್ ಸರ್ಕಲ್, ಬಾಲ್ಕನಿಗಳ ಯೋಚನೆ ಬಿಟ್ಟುಬಿಡಿ. ಅನೇಕ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಎಲ್ಲ ಅಂತಸ್ತುಗಳಿಗೂ ಹೋಗುವುದಿಲ್ಲ, ಮೇಲಿನ ಅಂತಸ್ತಿನ ಮೆಟ್ಟಿಲುಗಳು ಕಡಿದಾಗಿರುತ್ತವೆ, ಸಾಲುಗಳ ನಡುವೆ ಕಾಲು ಚಾಚಲು ಜಾಗ ಕಡಿಮೆ. ಸ್ಟಾಲ್ಸ್ ಎಂದರೂ ಪ್ರಶ್ನೆ ಮುಗಿಯುವುದಿಲ್ಲ. ಕೆಲವು ಕಡೆ ಸ್ಟಾಲ್ಸ್ ರಸ್ತೆಯ ಮಟ್ಟಕ್ಕಿಂತ ಕೆಳಗಿದ್ದು ಮೆಟ್ಟಿಲಿಳಿದು ಹೋಗಬೇಕಾಗುತ್ತದೆ. ಪ್ರತಿ ರಂಗಮಂದಿರವೂ ಮೆಟ್ಟಿಲುಗಳ ಸಂಖ್ಯೆ, ಗಾಲಿಕುರ್ಚಿಯ ಜಾಗ, ಮೆಟ್ಟಿಲಿಲ್ಲದ ಪ್ರವೇಶದ್ವಾರ ಇವನ್ನು ತನ್ನ ಜಾಲತಾಣದಲ್ಲಿ ತಿಳಿಸುತ್ತದೆ. ಅಂಥ ನೆರವು ಬೇಕಾದವರಿಗೂ ಜೊತೆಗಿರುವವರಿಗೂ ರಿಯಾಯಿತಿ ದರವೂ ಹಲವೆಡೆ ಇದೆ. ಅದಕ್ಕೆ ಫೋನ್ ಅಥವಾ ಮಿಂಚಂಚೆ ಮೂಲಕ ಕೇಳಿಯೇ ಕೊಳ್ಳಬೇಕು. ಮಧ್ಯಾಹ್ನದ ಪ್ರದರ್ಶನವನ್ನು ಆರಿಸಿಕೊಂಡರೆ ರಾತ್ರಿಯ ಚಳಿ, ಜನಜಂಗುಳಿ ಎರಡೂ ತಪ್ಪುತ್ತವೆ.

ಮೊಮ್ಮಗುವನ್ನು ಕರೆದುಕೊಂಡು ಹೋಗಬಹುದೆ?

ಮೂರು ವರ್ಷದೊಳಗಿನ ಮಕ್ಕಳನ್ನು ಬಹಳಷ್ಟು ಕಡೆ ಒಳಗೆ ಬಿಡುವುದಿಲ್ಲ, ಕೆಲವು ಕಡೆ ಐದು ವರ್ಷ ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆಂದರೆ ಒಪ್ಪುವುದಿಲ್ಲ. ಒಳಗೆ ಬರುವ ಪ್ರತಿ ಮಗುವಿಗೂ ಟಿಕೆಟ್ ಬೇಕು.

ಏನು ಉಡಬೇಕು? ಊಟ ಯಾವಾಗ?

ಉಡುಪಿಗೆ ನಿಯಮವಿಲ್ಲ. ಜೀನ್ಸ್ ತೊಟ್ಟವರೂ ಇರುತ್ತಾರೆ, ಸೂಟ್ ತೊಟ್ಟವರೂ ಇರುತ್ತಾರೆ. ರೇಷ್ಮೆ ಸೀರೆ ಉಟ್ಟು ಹೋಗಲು ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು.

ಊಟದ ವಿಷಯದಲ್ಲಿ ಯೋಜನೆ ಬೇಕು. ರಾತ್ರಿ ಹತ್ತೂಕಾಲಕ್ಕೆ ಹೊರಬಂದ ಮೇಲೆ ಸಸ್ಯಾಹಾರ ಹುಡುಕುತ್ತಾ ಅಲೆಯುವುದು ಹಿರಿಯರಿಗೆ ಕಷ್ಟ. ಸಂಜೆ ಐದೂವರೆಗೇ ಊಟ ಮುಗಿಸಿ. ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿಯು ಭಾರತೀಯ ಸಸ್ಯಾಹಾರಿ ಹೋಟೆಲುಗಳಿಗೆ ಬಹುಕಾಲದಿಂದ ಹೆಸರಾದದ್ದು. ಯೂಸ್ಟನ್‌ನಿಂದ ನಾರ್ದರ್ನ್ ಮಾರ್ಗದ ಟ್ಯೂಬ್ ಹತ್ತಿದರೆ ನೇರವಾಗಿ ಲೆಸ್ಟರ್ ಸ್ಕ್ವೇರ್. ರಂಗಮಂದಿರಗಳ ಸುತ್ತಲಿನ ಹೋಟೆಲುಗಳಲ್ಲಿಯೂ ನಾಟಕಕ್ಕೆ ಹೋಗುವವರಿಗೆಂದೇ ಸಂಜೆ ಬೇಗ, ಕಡಿಮೆ ಬೆಲೆಗೆ ಕೊಡುವ ಊಟವಿರುತ್ತದೆ. ಮಧ್ಯಂತರದಲ್ಲಿ ಸಿಗುವುದು ಪುಟ್ಟ ಡಬ್ಬಿಯ ಐಸ್‌ಕ್ರೀಂ, ಪಾನೀಯ ಇಷ್ಟೇ. ಇಪ್ಪತ್ತು ನಿಮಿಷದ ಆ ಬಿಡುವಿನಲ್ಲಿ ಹೆಂಗಸರ ಶೌಚಾಲಯದ ಸಾಲು ಬಹಳ ಉದ್ದವಿರುತ್ತದೆ. ಪರದೆ ಬಿದ್ದ ಕೂಡಲೇ ಏಳುವುದು ಜಾಣತನ.

ಒಳಗೆ ಹೇಗೆ ನಡೆದುಕೊಳ್ಳಬೇಕು?

ಮುಖ್ಯವಾಗಿ ಸಮಯ. ತಡವಾಗಿ ಬಂದವರನ್ನು ಕಥೆಯಲ್ಲಿ ಸೂಕ್ತ ವಿರಾಮ ಬರುವವರೆಗೆ ಹೊರಗೇ ನಿಲ್ಲಿಸುತ್ತಾರೆ, ಕೆಲವೊಮ್ಮೆ ಅದು ಇಪ್ಪತ್ತು ನಿಮಿಷವೂ ಆಗಬಹುದು. 'ಲಯನ್ ಕಿಂಗ್'ಗೆ ತಡವಾದರೆ ಪ್ರಾಣಿಗಳ ಮೆರವಣಿಗೆಯೇ ಹೋಯಿತು. ಮೊಬೈಲ್ ಪೂರ್ತಿ ಆಫ್ ಮಾಡಬೇಕು. ನಡುವೆ ಫೋಟೋ ತೆಗೆಯುವುದು, ಊರಿನಲ್ಲಿರುವ ತಂಗಿಗೆ ವಿಡಿಯೋ ಕರೆಯಲ್ಲಿ ತೋರಿಸುವುದು ನಿಷಿದ್ಧ. ಸಿಬ್ಬಂದಿ ಬಂದು ಎಚ್ಚರಿಸುತ್ತಾರೆ. ಕೊನೆಯಲ್ಲಿ ನಟರು ಸಾಲಾಗಿ ನಿಂತು ವಂದಿಸುವಾಗ ಕೆಲವು ನಾಟಕಗಳಲ್ಲಿ ಫೋಟೋಗೆ ಅವಕಾಶವುಂಟು. ಪಕ್ಕದವರನ್ನು ನೋಡಿ ತಿಳಿದುಕೊಳ್ಳಿ.

ಹಾಡು ಮುಗಿದಾಗ ಚಪ್ಪಾಳೆ ಹೊಡೆಯಬಹುದು, ಹೊಡೆಯಬೇಕು. ಆದರೆ ನಮ್ಮಲ್ಲಿ ಒಳ್ಳೆಯ ಪದ್ಯಕ್ಕೆ ಒನ್ಸ್ ಮೋರ್ ಕೂಗಿದರೆ ದುರ್ಯೋಧನ ಮತ್ತೊಮ್ಮೆ ಹಾಡುತ್ತಾನೆ. ಅಲ್ಲಿ ಯಾರೂ ಹಾಡುವುದಿಲ್ಲ. ಬೆಳಕು, ಯಂತ್ರ, ವಾದ್ಯ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಸಾಗುವುದರಿಂದ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ನಾಟಕಕ್ಕೆ ನಯ ತಂದುಕೊಡುವ ಈ ಶಿಸ್ತು ಅದರಿಂದ ಒಂದಿಷ್ಟು ಸಲುಗೆಯನ್ನೂ ಕಸಿದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಅದು ಅಲ್ಲಿನ ಕ್ರಮ.

ಮುಖ್ಯ ನಟ ಬಾರದಿದ್ದರೆ ಹಣ ವಾಪಸ್ ಕೊಡುತ್ತಾರೆಯೆ?

ಸಾಮಾನ್ಯವಾಗಿ ಇಲ್ಲ. ವಾರಕ್ಕೆ ಎಂಟು ಸಲ ಹಾಡುವ ಗಂಟಲಿಗೆ ವಿಶ್ರಾಂತಿ ಬೇಕೇ ಬೇಕು. ಅದಕ್ಕಾಗಿ ಪ್ರತಿ ಮುಖ್ಯ ಪಾತ್ರವನ್ನೂ ಕಲಿತು ಸಿದ್ಧರಾಗಿರುವ ಬದಲಿ ನಟರಿರುತ್ತಾರೆ. ಅವರು ಎರಡನೆಯ ದರ್ಜೆಯವರೆಂದು ತಿಳಿಯಬೇಡಿ.

ಟಿಕೆಟ್ ತೆಗೆದ ದಿನ ಬೆಳಿಗ್ಗೆ ಬೇರೆ ಏನು ನೋಡಬಹುದು?

ಮಧ್ಯಾಹ್ನದ ಪ್ರದರ್ಶನ ವಿಕ್ಟೋರಿಯಾದ ಕಡೆಯಿದ್ದರೆ, ಬೆಳಿಗ್ಗೆ ಥೇಮ್ಸ್ ನದಿಯ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ನೋಡಿ ಬನ್ನಿ. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪ್ರತಿಮೆ ಅದು. ಲ್ಯಾಂಬೆತ್ ಸೇತುವೆ ದಾಟಿದರೆ ವಿಕ್ಟೋರಿಯಾ ದೂರವಿಲ್ಲ. ಸೂಟ್‌ಕೇಸ್ ಹಿಡಿದು ಮಾತ್ರ ಹೋಗಬೇಡಿ. ರಂಗಮಂದಿರದೊಳಗೆ ದೊಡ್ಡ ಸಾಮಾನು ಬಿಡುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳಲ್ಲಿ ಹಣ ಕೊಟ್ಟು ಸಾಮಾನಿಡುವ ವ್ಯವಸ್ಥೆಯಿದೆ.

ಹೊರಡುವ ದಿನವೇ ನೋಡಬಹುದೆ? ಹಿಂದಿನ ರಾತ್ರಿ?

ಹೊರಡುವ ದಿನ ಬೇಡ. ಮಧ್ಯಾಹ್ನದ ನಾಟಕ ಮುಗಿಯುವಾಗ ಐದೂಕಾಲು. ಸಾಮಾನು ಎತ್ತಿಕೊಂಡು, ಸಂಜೆಯ ದಟ್ಟಣೆಯಲ್ಲಿ ಹೀಥ್ರೂ ತಲುಪಿ, ವಿಮಾನಕ್ಕೆ ಮೂರು ಗಂಟೆ ಮೊದಲೇ ಇರಬೇಕೆಂದರೆ ರಾತ್ರಿ ತಡವಾದ ವಿಮಾನಕ್ಕೆ ಮಾತ್ರ ಅದು ಸಾಧ್ಯ, ಮತ್ತು ಆ ಆತಂಕದಲ್ಲಿ ನಾಟಕ ರುಚಿಸುವುದಿಲ್ಲ. ಹಿಂದಿನ ರಾತ್ರಿಯ ಪ್ರದರ್ಶನವು ವಿಮಾನ ಮಧ್ಯಾಹ್ನಕ್ಕೋ ರಾತ್ರಿಗೋ ಇದ್ದರೆ ಸರಿ, ಬೆಳಿಗ್ಗೆ ಇದ್ದರೆ ಬೇಡ. ಪ್ರದರ್ಶನ ಬಿಟ್ಟಾಗ ಹತ್ತೂಕಾಲು, ಹ್ಯಾರೋದಲ್ಲೋ ಹೌನ್ಸ್‌ಲೋದಲ್ಲೋ ಇರುವ ಮಗನ ಮನೆ ಸೇರಿದಾಗ ಹನ್ನೊಂದೂವರೆ ಆಗಿರುತ್ತದೆ. ಟ್ಯೂಬ್ ಸಾಮಾನ್ಯ ದಿನಗಳಲ್ಲಿ ಮಧ್ಯರಾತ್ರಿಯ ಆಸುಪಾಸಿನವರೆಗೆ ಇರುತ್ತದೆ. ಶುಕ್ರವಾರ, ಶನಿವಾರ ಪಿಕಡಿಲಿ ಮತ್ತು ಇತರ ಕೆಲವು ಮಾರ್ಗಗಳಲ್ಲಿ ರಾತ್ರಿಯಿಡೀ ಓಡುತ್ತದೆ. ಪಿಕಡಿಲಿ ಮಾರ್ಗವು ಕಾವೆಂಟ್ ಗಾರ್ಡನ್, ಲೆಸ್ಟರ್ ಸ್ಕ್ವೇರ್‌ಗಳಿಂದ ನೇರವಾಗಿ ಹೀಥ್ರೂವಿಗೇ ಹೋಗುವುದರಿಂದ, ಕೊನೆಯ ರಾತ್ರಿಗೆ ಆ ಮಾರ್ಗದಲ್ಲಿ ತಂಗುವುದು ಅನುಕೂಲ.

ನಮ್ಮ ಕಡೆಯವರು ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ವಿಮಾನ ದೇವನಹಳ್ಳಿಯಲ್ಲಿ ಇಳಿಸಿದ ಮೇಲೆ ಹಾಸನಕ್ಕೆ ನಾಲ್ಕೈದು ಗಂಟೆ, ಚಿಕ್ಕಮಗಳೂರಿಗೆ ಐದಾರು ಗಂಟೆ ಕಾರಿನ ಪ್ರಯಾಣ ಬಾಕಿಯಿರುತ್ತದೆ. ನಿದ್ದೆಗೆಟ್ಟು ಹೊರಟವರು ಇಡೀ ದಾರಿಯನ್ನು ನಿದ್ದೆಗೆಟ್ಟೇ ಮುಗಿಸಬೇಕಾಗುತ್ತದೆ.

ನಾವು ಹೋಗುವುದು ನ್ಯೂಜೆರ್ಸಿಯ ಮಗಳ ಮನೆಗೆ. ಇದೇ ಸಲಹೆ ನ್ಯೂಯಾರ್ಕಿಗೂ ಸಲ್ಲುತ್ತದೆಯೆ?

ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸಂಜೆ ಏಳು ಎಂದರೆ ನಮ್ಮಲ್ಲಿ ಮರುದಿನದ ಬೆಳಗಿನ ನಾಲ್ಕೂವರೆ. ಹಾಗಾಗಿ ದೇಹ ಹೊಂದಿಕೊಳ್ಳಲು ವಾರಕ್ಕಿಂತ ಹೆಚ್ಚು ಕೊಡಿ. ಬ್ರಾಡ್‌ವೇ ಎಂದು ಕರೆಯುವ 41 ರಂಗಮಂದಿರಗಳಲ್ಲಿ ಬಹುತೇಕ ಎಲ್ಲವೂ ಟೈಮ್ಸ್ ಸ್ಕ್ವೇರ್ ಸುತ್ತಲಿನ ಬೀದಿಗಳಲ್ಲಿಯೇ ಇವೆ. ಅಲ್ಲಿಯ ಟಿಕೆಟಿಎಸ್ ಮಳಿಗೆ 1973ರಿಂದಲೂ ಇದೆ, ಈಗ ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲುಗಳ ಕೆಳಗಿದೆ. ಟಿಕೆಟ್ ಲಂಡನ್ನಿಗಿಂತ ಸಾಮಾನ್ಯವಾಗಿ ದುಬಾರಿ. ಆದರೆ ಲಂಡನ್ನಿನಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ನಾಟಕದ ಪರಿಚಯ ಪುಸ್ತಿಕೆ ಅಲ್ಲಿ ಉಚಿತ. ಸೋಮವಾರ ಹೆಚ್ಚಿನ ನಾಟಕಗಳಿಗೆ ರಜೆ. ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ಬರುವವರು ನ್ಯೂಯಾರ್ಕಿನ ಪೆನ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಹಿಂದಿರುಗುವ ರೈಲುಗಳು ರಾತ್ರಿ ವಿರಳವಾಗುವುದರಿಂದ ವೇಳಾಪಟ್ಟಿ ಜೇಬಿನಲ್ಲಿರಲಿ. 'ಫ್ಯಾಂಟಮ್'ಗಾಗಿ ಅಲ್ಲಿನ ಮೆಜೆಸ್ಟಿಕ್ ರಂಗಮಂದಿರವನ್ನು ಹುಡುಕಿಕೊಂಡು ಹೋಗಬೇಡಿ. 35 ವರ್ಷ ನಡೆದು 2023ರ ಏಪ್ರಿಲ್‌ನಲ್ಲಿ ಅಲ್ಲಿಯ ಪ್ರದರ್ಶನ ನಿಂತಿತು.

ಇದಕ್ಕೆಲ್ಲ ವಿದೇಶಕ್ಕೇ ಹೋಗಬೇಕೆ?

ಈಗ ಅಷ್ಟು ಕಡ್ಡಾಯವಲ್ಲ. ಮುಂಬೈಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ 2023ರಲ್ಲಿ ತೆರೆದ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದ ಸುಮಾರು 2000 ಆಸನಗಳ ರಂಗಮಂದಿರಕ್ಕೆ ಅದೇ ವರ್ಷ 'ದಿ ಸೌಂಡ್ ಆಫ್ ಮ್ಯೂಸಿಕ್' ಬಂದಿತ್ತು, 2025ರ ಮಾರ್ಚ್‌ನಲ್ಲಿ 'ಫ್ಯಾಂಟಮ್' ಬಂದಿತ್ತು. ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶಿಸಿದ 'ಮುಘಲ್-ಎ-ಆಜಮ್' ಸಂಗೀತ ನಾಟಕ 2016ರಿಂದ ದೇಶ ವಿದೇಶಗಳಲ್ಲಿ ಪ್ರದರ್ಶನ ಕಂಡಿದೆ. ಆದರೆ ಇವು ಬಂದು ಕೆಲವು ವಾರ ನಡೆದು ಹೊರಟುಹೋಗುವ ನಾಟಕಗಳು. ಲಂಡನ್ನಿನಲ್ಲಿ ಪ್ರವಾಸ ಗೊತ್ತಾದ ಮೇಲೆ ನಾಟಕ ಹುಡುಕಬಹುದು. ಮುಂಬೈಗಾದರೆ ನಾಟಕದ ದಿನಾಂಕ ನೋಡಿ, ಟಿಕೆಟ್ ತೆಗೆದು, ಆಮೇಲೆ ರೈಲನ್ನೋ ವಿಮಾನವನ್ನೋ ಕಾಯ್ದಿರಿಸಬೇಕು.